ಸರಪಳಿಯ ಮೊದಲ ಕೊಂಡಿ: ಅಥಣಿಯ ಕಾಲ್ಮರಿ ಹಿಡಿದು ಗ್ಯಾರಿ ಜೆರೆಫಿಯನ್ನು ಓದುವುದು

ಗ್ಯಾರಿ ಜೆರೆಫಿ ಎಂಬ ಹೆಸರನ್ನು ಕನ್ನಡದ ಓದುಗರು ಹೆಚ್ಚು ಕೇಳಿರಲಾರರು. ಆದರೆ ಅವರೂ ಅವರ ಜೊತೆಗಾರರೂ ಚಲಾವಣೆಗೆ ತಂದ ಒಂದು ಮಾತು ಈಗ ಬಜೆಟ್ ಭಾಷಣಗಳಲ್ಲಿ, ಕೈಗಾರಿಕಾ ನೀತಿಯ ಕಡತಗಳಲ್ಲಿ, ವಿಶ್ವಬ್ಯಾಂಕಿನ ವರದಿಗಳಲ್ಲಿ ಎಲ್ಲ ಕಡೆಯೂ ಇದೆ: 'ಜಾಗತಿಕ ಮೌಲ್ಯ ಸರಪಳಿ'. ಮಂತ್ರಿಗಳು ಆ ಮಾತನ್ನು ಆಡುವಾಗ ಅದು ಹತ್ತಿಕೊಂಡು ಮೇಲೆ ಹೋಗುವ ಏಣಿಯ ಹಾಗೆ ಕೇಳಿಸುತ್ತದೆ. ಜೆರೆಫಿ ತಮ್ಮ ಕೆಲಸ ಶುರು ಮಾಡಿದಾಗ ಅದು ಏಣಿಯಾಗಿರಲಿಲ್ಲ. ಬಡ ದೇಶವೊಂದು ತನ್ನದೇ ನೆಲದ ಸಂಪತ್ತಿನ ಮೇಲಿನ ಹಿಡಿತವನ್ನು ಹೇಗೆ ಕಳೆದುಕೊಳ್ಳುತ್ತದೆ ಎನ್ನುವುದು ಅವರ ಮೊದಲ ಪುಸ್ತಕದ ಪ್ರಶ್ನೆಯಾಗಿತ್ತು. ಆ ಪ್ರಶ್ನೆ ಏಣಿಯ ಪ್ರಶ್ನೆಯಾಗಿ ಬದಲಾದದ್ದು ಹೇಗೆ, ಬದಲಾಗುವಾಗ ಕೈಬಿಟ್ಟುಹೋದದ್ದು ಏನು ಎನ್ನುವುದು ಈ ಬರಹದ ವಿಷಯ.

ನಾನು ಇದನ್ನು ಓದುತ್ತಿರುವುದು ಐನಾಪುರದಲ್ಲಿ ಕೂತು. ಕಾಗವಾಡ ತಾಲ್ಲೂಕಿನ ಈ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು. ಪಕ್ಕದ ಉಗಾರದಲ್ಲಿ 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ. ಅತ್ತ ಮದಭಾವಿ, ಅಥಣಿ, ಇತ್ತ ನಿಪ್ಪಾಣಿ. ಅಲ್ಲೆಲ್ಲ ಚಪ್ಪಲಿ ಹೊಲಿಯುವ ಮನೆಗಳು. ಅಮೆರಿಕದ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಸಮಾಜಶಾಸ್ತ್ರಜ್ಞರೊಬ್ಬರ ಪುಸ್ತಕಕ್ಕೂ ಈ ಊರಿಗೂ ಏನು ಸಂಬಂಧ ಎಂದು ಕೇಳಬಹುದು. ಸರಪಳಿಯ ಬಗ್ಗೆ ಬರೆದವರನ್ನು ಸರಪಳಿಯ ತುದಿಯಿಂದ ಓದುವುದೇ ನ್ಯಾಯ ಎಂದು ನನ್ನ ಎಣಿಕೆ.

ಮೊದಲ ಪುಸ್ತಕದಿಂದಲೇ ಹೊರಡೋಣ. ಅದು 1983ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂತು. ಮೂರನೆಯ ಜಗತ್ತಿನ ಔಷಧ ಉದ್ಯಮ ಮತ್ತು ಅವಲಂಬನೆ ಅದರ ವಿಷಯ. ಅದರ ನಡುವೆ ಇರುವುದು ಮೆಕ್ಸಿಕೋದ ಒಂದು ಕಾಡುಗೆಣಸಿನ ಕಥೆ. ಬಾರ್ಬಾಸ್ಕೊ ಎಂದು ಅದರ ಹೆಸರು. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕನ್ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುವ ದಾರಿ ಕಂಡುಕೊಂಡ. 1944ರಲ್ಲಿ ಮೆಕ್ಸಿಕೋ ನಗರದಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿತು. 1951ರಲ್ಲಿ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಗರ್ಭನಿರೋಧಕ ಗುಳಿಗೆಗೆ ಬೇಕಾದ ರಾಸಾಯನಿಕ ತಯಾರಾಯಿತು. ಬಡ ದೇಶವೊಂದು ಜಗತ್ತಿನ ಔಷಧ ಮಾರುಕಟ್ಟೆಯಲ್ಲಿ ಮುಂದೆ ನಿಂತ ಅಪರೂಪದ ಗಳಿಗೆ ಅದು. ಐದೇ ವರ್ಷಕ್ಕೆ, 1956ರಲ್ಲಿ, ಸಿಂಟೆಕ್ಸನ್ನು ಅಮೆರಿಕದ ಕಂಪನಿಯೊಂದು ಕೊಂಡುಕೊಂಡಿತು. ಮುಂದೆ ಇಡೀ ಉದ್ಯಮವೇ ಪರದೇಶಿ ಕಂಪನಿಗಳ ಪಾಲಾಯಿತು. 1975ರಲ್ಲಿ ಮೆಕ್ಸಿಕೋ ಸರ್ಕಾರ ಪ್ರೊಕ್ವಿವೆಮೆಕ್ಸ್ ಎಂಬ ಸಂಸ್ಥೆ ಕಟ್ಟಿ ಗೆಣಸಿಗೆ ಹೆಚ್ಚಿನ ಬೆಲೆ ಕೇಳಿದಾಗ, ಕಂಪನಿಗಳು ಬೇರೆ ಕಚ್ಚಾವಸ್ತು ಹುಡುಕಿಕೊಂಡು ಹೋದವು. ಗೆಣಸು ಕಾಡಿನಲ್ಲೇ ಉಳಿಯಿತು.

ಈ ಕಥೆಯನ್ನು ಜೆರೆಫಿ ಹೇಳುವ ಬಗೆಯಲ್ಲಿ ರೋಷವಿಲ್ಲ, ಲೆಕ್ಕವಿದೆ. ಮೆಕ್ಸಿಕೋ ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಒಂದೊಂದೇ ಸಾಧ್ಯತೆಯನ್ನು ಪರೀಕ್ಷಿಸುತ್ತಾ ಹೋಗುತ್ತಾರೆ. ಅವಲಂಬನೆಯ ಸಿದ್ಧಾಂತ ಆಗ ಲ್ಯಾಟಿನ್ ಅಮೆರಿಕದ ಚಿಂತಕರಲ್ಲಿ ಘೋಷಣೆಯಷ್ಟೇ ಆಗುವ ಅಪಾಯದಲ್ಲಿತ್ತು. ಅದನ್ನು ಒಂದು ಬೇರು, ಒಂದು ಕಂಪನಿ, ಒಂದು ಕಾನೂನಿನ ಮಟ್ಟಕ್ಕೆ ಇಳಿಸಿ ತೂಗಿ ನೋಡಿದ್ದು ಈ ಪುಸ್ತಕದ ದೊಡ್ಡತನ. ಜೆರೆಫಿ ಬರೆದದ್ದರಲ್ಲಿ ಇಂದಿಗೂ ಹರಿತವಾಗಿರುವುದು ಇದೇ ಎಂದು ನನಗನಿಸುತ್ತದೆ, ಅವರ ಹೆಸರು ಜಗತ್ತಿಗೆ ಗೊತ್ತಾದದ್ದು ಬೇರೆ ಬರಹಗಳಿಂದಾದರೂ.

ಆ ಬೇರೆ ಬರಹಗಳಲ್ಲಿ ಮುಖ್ಯವಾದದ್ದು 1994ರಲ್ಲಿ ಮಿಗೆಲ್ ಕೊರ್ಜೆನಿವಿಚ್ ಜೊತೆ ಸಂಪಾದಿಸಿದ, ಸರಕಿನ ಸರಪಳಿಗಳ ಬಗೆಗಿನ ಪುಸ್ತಕ. ಸರಪಳಿ ಎನ್ನುವ ರೂಪಕ ಅವರದ್ದಲ್ಲ. ಅದನ್ನು 1977ರಲ್ಲಿ ಕೊಟ್ಟವರು ಟೆರೆನ್ಸ್ ಹಾಪ್ಕಿನ್ಸ್ ಮತ್ತು ಇಮ್ಯಾನುಯೆಲ್ ವಾಲರ್‌ಸ್ಟೈನ್. ಜೆರೆಫಿ ಮಾಡಿದ್ದು ಆ ಸರಪಳಿಯನ್ನು ಎರಡು ಜಾತಿಯಾಗಿ ಬಿಡಿಸಿದ್ದು. ಕಾರು, ವಿಮಾನದಂಥವುಗಳಲ್ಲಿ ದೊಡ್ಡ ಕಾರ್ಖಾನೆ ಇರುವವನೇ ಯಜಮಾನ. ಇದು ಉತ್ಪಾದಕ-ಚಾಲಿತ ಸರಪಳಿ. ಬಟ್ಟೆ, ಚಪ್ಪಲಿ, ಆಟಿಕೆಗಳಲ್ಲಿ ಯಜಮಾನನಿಗೆ ಕಾರ್ಖಾನೆಯೇ ಇಲ್ಲ. ಅವನ ಹತ್ತಿರ ಇರುವುದು ಹೆಸರು, ವಿನ್ಯಾಸ, ಅಂಗಡಿ. ನೈಕಿ ಒಂದು ಜೊತೆ ಬೂಟನ್ನೂ ತಾನು ಹೊಲಿಯುವುದಿಲ್ಲ, ಆದರೆ ಬೂಟು ಹೊಲಿಯುವ ಊರುಗಳ ಹಣೆಬರಹ ಬರೆಯುತ್ತದೆ. ಇದು ಖರೀದಿದಾರ-ಚಾಲಿತ ಸರಪಳಿ.

ಈಗ ಇದು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಕಾಣುತ್ತದೆ. ಆಗ ಹಾಗಿರಲಿಲ್ಲ. ಕಾರ್ಮಿಕ ಅಂದರೆ ಕಾರ್ಖಾನೆ, ಕಾರ್ಖಾನೆ ಅಂದರೆ ಮಾಲೀಕ ಎಂದು ಯೋಚಿಸುತ್ತಿದ್ದವರಿಗೆ, ಮಾಲೀಕನ ಹಿಂದೆ ಇನ್ನೊಬ್ಬ ಕಾಣದ ಮಾಲೀಕನಿದ್ದಾನೆ ಎಂದು ಜೆರೆಫಿ ತೋರಿಸಿದರು. ಅವರದೇ ರಾಜ್ಯದ ಬಟ್ಟೆ ಗಿರಣಿಗಳೂ ಈ ಗಾಳಿಗೆ ಸಿಕ್ಕವು. 2003ರಲ್ಲಿ ಉತ್ತರ ಕೆರೊಲಿನಾದ ಪಿಲ್ಲೊಟೆಕ್ಸ್ ಗಿರಣಿ ಮುಚ್ಚಿ ಸಾವಿರಾರು ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಆ ಊರಿನ ಹೆಸರು ಕನ್ನಾಪೊಲಿಸ್. ಹೆಸರು ಕೇಳಿ ನಮ್ಮವರು ನಗಬಹುದು, ಆದರೆ ಮುಚ್ಚಿದ ಗಿರಣಿಯ ಗೋಳು ದಾವಣಗೆರೆ, ಹುಬ್ಬಳ್ಳಿಯವರಿಗೆ ಹೊಸದೇನಲ್ಲ.

ಕರ್ನಾಟಕದಲ್ಲೇ ಈ ಪರಿಕಲ್ಪನೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದ ಉದಾಹರಣೆ ಸಾಕು. 2020ರ ಜೂನ್‌ನಲ್ಲಿ ಅಲ್ಲಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ಬಿಟ್ಟಿತು. ಅವರಲ್ಲಿ ಬಹುಪಾಲು ಹೆಂಗಸರು. ಕಾರ್ಖಾನೆ ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ನದು. ಹೊಲಿಯುತ್ತಿದ್ದ ಬಟ್ಟೆ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ. ಗೇಟಿನ ಮುಂದೆ ಕೂತ ಹೆಂಗಸರು ಕಾರ್ಖಾನೆಯ ಮಾಲೀಕರನ್ನಷ್ಟೇ ಅಲ್ಲ, ಸ್ವೀಡನ್ನಿನ ಕಂಪನಿಯನ್ನೂ ಹೆಸರು ಹಿಡಿದು ಕೇಳಿದರು. 2021ರ ಫೆಬ್ರವರಿಯಲ್ಲಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದವಾಯಿತು. ಯಾರನ್ನು ಕೇಳಬೇಕು ಎಂದು ಗೊತ್ತಾಗುವುದೇ ಅರ್ಧ ಹೋರಾಟ. ಆ ಹೆಂಗಸರಲ್ಲಿ ಯಾರೂ ಜೆರೆಫಿಯನ್ನು ಓದಿರಬೇಕಾಗಿಲ್ಲ. ಜೆರೆಫಿ ಪುಸ್ತಕದಲ್ಲಿ ಬಿಡಿಸಿಟ್ಟ ನಕ್ಷೆಯನ್ನೇ ಅವರು ಬೀದಿಯಲ್ಲಿ ಓದಿಕೊಂಡಿದ್ದರು.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. ತಕರಾರು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ.

1990ರ ದಶಕದ ಕೊನೆಗೆ ಜೆರೆಫಿ ಪೂರ್ವ ಏಷ್ಯಾದ ಸಿದ್ಧಉಡುಪು ಉದ್ಯಮ ನೋಡಿ ಒಂದು ಆಶಾದಾಯಕ ತೀರ್ಮಾನಕ್ಕೆ ಬಂದರು. ಹಾಂಗ್‌ಕಾಂಗ್, ತೈವಾನ್, ಕೊರಿಯಾದ ಹೊಲಿಗೆಯವರು ಮೊದಲು ಬರೀ ಹೊಲಿದು ಕೊಟ್ಟರು, ಆಮೇಲೆ ಬಟ್ಟೆ ಹುಡುಕಿ ಪೂರ್ತಿ ಮಾಲು ಮಾಡಿಕೊಟ್ಟರು, ಕೊನೆಗೆ ಕೆಲವರು ತಮ್ಮದೇ ಬ್ರ್ಯಾಂಡು ಮಾಡಿಕೊಂಡರು. ಯಜಮಾನನ ಜೊತೆ ಕೆಲಸ ಮಾಡುತ್ತಲೇ ಕಲಿತು ಮೇಲೇರಬಹುದು. ಇದಕ್ಕೆ ಅವರು ಕೊಟ್ಟ ಹೆಸರು ಅಪ್‌ಗ್ರೇಡಿಂಗ್. ನಾನು ಮೇಲೇರಿಕೆ ಎನ್ನುತ್ತೇನೆ. 2005ರಲ್ಲಿ ಜಾನ್ ಹಂಫ್ರಿ, ಟಿಮೊಥಿ ಸ್ಟರ್ಜನ್ ಜೊತೆ ಬರೆದ ಲೇಖನದಲ್ಲಿ ಹಿಡಿತದ ಪ್ರಶ್ನೆಗೂ ಹೊಸ ರೂಪ ಬಂತು. ಕೊಳ್ಳುವವನಿಗೂ ಮಾರುವವನಿಗೂ ಇರುವ ಸಂಬಂಧ ಐದು ಬಗೆ: ಒಂದು ತುದಿಗೆ ಬರೀ ಮಾರುಕಟ್ಟೆ, ಇನ್ನೊಂದು ತುದಿಗೆ ಒಂದೇ ಕಂಪನಿಯ ಒಳಗಿನ ಹುಕುಂ, ನಡುವೆ ಮೂರು ಬಗೆ. ಆ ಮೂರರಲ್ಲಿ ಒಂದು, ಮಾರುವವನು ಒಬ್ಬನೇ ಗಿರಾಕಿಗೆ ಕಟ್ಟುಬಿದ್ದಿರುವ ಸ್ಥಿತಿ. ಮಾಲಿನ ವಿವರ ಎಷ್ಟು ಜಟಿಲ, ಅದನ್ನು ಕಾಗದದ ಮೇಲೆ ಬರೆದು ಕೊಡಲು ಬರುತ್ತದೆಯೇ, ಮಾಡುವವನ ಕಸುಬು ಎಷ್ಟು ಎಂಬ ಮೂರು ಮಾತಿನ ಮೇಲೆ ಯಾವ ಬಗೆಯ ಸಂಬಂಧ ಎಂದು ನಿರ್ಧಾರವಾಗುತ್ತದೆ ಎಂದು ಲೇಖನ ವಾದಿಸುತ್ತದೆ.

ಅಚ್ಚುಕಟ್ಟಾದ ಲೇಖನ. ಜಗತ್ತಿನ ಎಲ್ಲ ಕಡೆ ಉದ್ಧರಿಸುತ್ತಾರೆ. ಆದರೆ 1983ರಲ್ಲಿ ಅಧಿಕಾರ ಎನ್ನುವ ಪದಕ್ಕಿದ್ದ ತೂಕ ಇಲ್ಲಿ ಕರಗಿದೆ. ಅಲ್ಲಿ ಕಂಪನಿಯೊಂದು ಸರ್ಕಾರದ ಬೆಲೆ ಒಪ್ಪದೆ ಎದ್ದುಹೋಗುವುದು ಅಧಿಕಾರ. ಇಲ್ಲಿ ಅಧಿಕಾರ ಎಂದರೆ ವ್ಯವಹಾರದ ಖರ್ಚು ಉಳಿಸುವ ಒಂದು ಏರ್ಪಾಡು. ಸಮಾಜಶಾಸ್ತ್ರಜ್ಞರು ವ್ಯವಸ್ಥಾಪನಾ ತಜ್ಞರ ಭಾಷೆ ಕಲಿತರೆ ತಪ್ಪಿಲ್ಲ, ಆದರೆ ಆ ಭಾಷೆಯಲ್ಲಿ ಹೇಳಲು ಬಾರದ ಸಂಗತಿಗಳೂ ಇರುತ್ತವೆ. ಇದನ್ನು ಮೊದಲು ಹೇಳಿದವನು ನಾನೇನಲ್ಲ. ಬೆಂಜಮಿನ್ ಸೆಲ್ವಿನ್ ಈ ಸರಪಳಿಗಳಿಗೆ 'ಬಡತನದ ಸರಪಳಿ' ಎಂದೇ ಹೆಸರಿಟ್ಟರು. ಸೆಲ್ವಿನ್ ಮಾತು ಸ್ವಲ್ಪ ಘೋಷಣೆಯಾಯಿತು ಎಂದು ನನಗನಿಸುತ್ತದೆ. ನಾನು ನೋಡಬಯಸುವುದು ಇನ್ನೂ ಹತ್ತಿರದ್ದು.

ಮೊದಲು ಕಬ್ಬು, ಚಿಕ್ಕದಾಗಿ. ಐನಾಪುರದ ರೈತನ ಕಬ್ಬು ಕಡಿದ ಮೇಲೆ ಒಣಗುತ್ತದೆ, ತೂಕ ಇಳಿಯುತ್ತದೆ, ದೂರ ಒಯ್ಯಲಾಗದು. ಹತ್ತಿರದ ಕಾರ್ಖಾನೆಗೇ ಹಾಕಬೇಕು. ಜೆರೆಫಿಯ ಕೋಷ್ಟಕದಲ್ಲಿ ಇದು ಕಟ್ಟುಬಿದ್ದವನ ಮನೆ. ಆದರೆ ಕಬ್ಬಿನ ಕನಿಷ್ಠ ಬೆಲೆ ನಿಗದಿಯಾಗುವುದು ದೆಹಲಿಯಲ್ಲಿ. 2025–26ರ ಹಂಗಾಮಿಗೆ ಶೇಕಡಾ 10.25ರ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕಾರ್ಖಾನೆ ಸಕ್ಕರೆ ಮಾರಬೇಕಾದ ಕನಿಷ್ಠ ಬೆಲೆಯೂ ಅಲ್ಲೇ. 2019ರಲ್ಲಿ ಕಿಲೋಗೆ 31 ರೂಪಾಯಿ ಎಂದು ಮಾಡಿದರು. ಹಾಗಾಗಿ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ರೈತರು ಗುರ್ಲಾಪುರ ಕ್ರಾಸಿನಲ್ಲಿ ಕೂತು ಟನ್ನಿಗೆ 3,500 ರೂಪಾಯಿ ಕೇಳಿದಾಗ ಅವರ ಎದುರಿಗಿದ್ದದ್ದು ಕಾರ್ಖಾನೆಗಳಷ್ಟೇ ಅಲ್ಲ, ಸರ್ಕಾರವೂ ಹೌದು. ಮಾತು 3,300ಕ್ಕೆ ನಿಂತಿತು. ಕಂಪನಿ ಮತ್ತು ಕಂಪನಿಯ ನಡುವಿನ ಸಂಬಂಧದಿಂದಲೇ ಎಲ್ಲವನ್ನೂ ವಿವರಿಸುವ ಚೌಕಟ್ಟಿಗೆ ಇದು ಸುಲಭವಾಗಿ ಹೊಂದುವುದಿಲ್ಲ. ಸೋಜಿಗವೆಂದರೆ, 1990ರಲ್ಲಿ ಲ್ಯಾಟಿನ್ ಅಮೆರಿಕ ಮತ್ತು ಪೂರ್ವ ಏಷ್ಯಾವನ್ನು ಹೋಲಿಸುವ ಪುಸ್ತಕ ಸಂಪಾದಿಸಿದಾಗ ಸರ್ಕಾರದ ಪಾತ್ರ ಎಷ್ಟೆಂದು ಜೆರೆಫಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಅದು ಹಿನ್ನೆಲೆಗೆ ಸರಿಯಿತು.

ಇನ್ನೊಂದು ಮಾತು. ಬೆಲೆಗಾಗಿ ರಸ್ತೆಗೆ ಇಳಿಯಬಲ್ಲವನು ಕಬ್ಬು ಬೆಳೆದವನು. ಕಬ್ಬು ಕಡಿಯುವವರು, ಮುಕಾದಮನಿಂದ ಮುಂಗಡ ಪಡೆದು ಹಂಗಾಮಿಗೆ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುವ ಗ್ಯಾಂಗಿನವರು, ಆ ಸರಪಳಿಯಲ್ಲಿ ಒಂದು ಕಡಿತದ ಲೆಕ್ಕವಾಗಿ ಮಾತ್ರ ಕಾಣುತ್ತಾರೆ: ಕಟಾವು ಮತ್ತು ಸಾಗಣೆ. ಸಿಡ್ನಿ ಮಿಂಟ್ಜ್ ಎಂಬ ಮಾನವಶಾಸ್ತ್ರಜ್ಞ ಸಕ್ಕರೆಯ ಜಾಗತಿಕ ಚರಿತ್ರೆಯನ್ನು 1985ರಲ್ಲಿ ಬರೆಯುವುದಕ್ಕೆ ಕಾಲು ಶತಮಾನ ಮೊದಲೇ, 1960ರಲ್ಲಿ, ಪೋರ್ಟೊರಿಕೊದ ಒಬ್ಬನೇ ಕಬ್ಬಿನ ಕೂಲಿಯ ಬದುಕಿನ ಮೇಲೆ ಇಡೀ ಪುಸ್ತಕ ಬರೆದಿದ್ದರು. ಕೂಲಿಯಿಂದ ಹೊರಟು ಜಗತ್ತಿಗೆ ಬಂದವರು ಮಿಂಟ್ಜ್. ಜೆರೆಫಿಯ ಪಯಣದಲ್ಲಿ ಅಂಥ ಒಬ್ಬ ಮನುಷ್ಯ ಸಿಗುವುದಿಲ್ಲ.

ಈಗ ಚಪ್ಪಲಿಗೆ ಬರುತ್ತೇನೆ. ನಮ್ಮ ಹಿರಿಯರು ಕಾಲ್ಮರಿ ಎನ್ನುತ್ತಿದ್ದರು. ಜಗತ್ತು ಇದನ್ನು ಕೊಲ್ಹಾಪುರಿ ಎನ್ನುತ್ತದೆ. ಅಥಣಿ, ಮದಭಾವಿ, ನಿಪ್ಪಾಣಿಯ ಸಮಗಾರರ ಮನೆಗಳಲ್ಲಿ ಗಂಡಸರು ಅಟ್ಟೆ ಕತ್ತರಿಸಿ ತಟ್ಟುತ್ತಾರೆ, ಹೆಂಗಸರು ಮೇಲಿನ ಪಟ್ಟಿ ಹೆಣೆದು ಹೊಲಿಯುತ್ತಾರೆ. ಮೊಳೆ ಇಲ್ಲ, ಚರ್ಮವನ್ನು ಚರ್ಮದ ದಾರದಿಂದಲೇ ಹೊಲಿಯುವುದು. ಹದ ಮಾಡುವ ಹಳೆಯ ಕ್ರಮದಲ್ಲಿ ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿ ತುಂಬಿ, ನೀರು ಹಾಕಿ ನೇತುಹಾಕುತ್ತಾರೆ. ರಸ ತೊಗಲಿನ ಮೂಲಕ ಹನಿಹನಿಯಾಗಿ ಇಳಿಯಬೇಕು. ವಾರಗಟ್ಟಲೆ ಹಿಡಿಯುವ ಕೆಲಸ.

ಹೀಗೆ ಮಾಡಿದ್ದಕ್ಕೆ ಕೊಲ್ಹಾಪುರದ ಹೆಸರು ಬಂದದ್ದು ಏಕೆ? ಕೊಲ್ಹಾಪುರ ಸಂಸ್ಥಾನದ ಶಾಹು ಮಹಾರಾಜರು ಈ ಕಸುಬಿಗೆ ಆಸರೆ ಕೊಟ್ಟರು ಎನ್ನುವುದು ನಿಜ. ಅಲ್ಲಿ ಪೇಟೆ ಇತ್ತು, ಯಾತ್ರಿಕರು ಬರುತ್ತಿದ್ದರು, ವ್ಯಾಪಾರಿಗಳಿದ್ದರು ಎನ್ನುವುದೂ ನಿಜ. ಅಥಣಿಯಲ್ಲಿ ಒಬ್ಬ ಹಿರಿಯರನ್ನು ಕೇಳಿದ್ದೆ, "ಕಾಕಾ, ಇದಕ್ಕ ಅಥಣಿ ಚಪ್ಪಲಿ ಅಂತ ಯಾಕ ಅನ್ನೂದಿಲ್ಲ?" ಅವರು ಅಟ್ಟೆಯಿಂದ ತಲೆ ಎತ್ತದೆ ಅಂದರು, "ಹಂಗಂದ್ರ ಯಾರ ತೊಗೋತಾರೊ ತಮ್ಮಾ?" ಜೆರೆಫಿ ಇಡೀ ಅಧ್ಯಾಯದಲ್ಲಿ ಹೇಳಿದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದರು. ಖರೀದಿದಾರ-ಚಾಲಿತ ಸರಪಳಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದಲ್ಲ. ಮಾಡುವ ಊರು ಒಂದು, ಹೆಸರಿನ ಊರು ಒಂದು ಎಂಬ ಏರ್ಪಾಡು ಕೃಷ್ಣೆಯ ಈ ದಂಡೆಯಲ್ಲಿ ಪ್ರಾಡಾ ಬರುವುದಕ್ಕೆ ಎಷ್ಟೋ ಮೊದಲೇ ಇತ್ತು.

ಮೇಲೇರಿಕೆಯ ಪ್ರಯತ್ನಗಳೂ ನಡೆದಿವೆ. 1990ರ ದಶಕದ ಕೊನೆಗೆ ಬೆಂಗಳೂರಿನ ಅಸೆಂಟ್ ಸಂಸ್ಥೆ ಅಥಣಿ ಭಾಗದ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕೂಡಿಸಿ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಕೂಟ ಕಟ್ಟಿತು. ಹೊಸ ಬಣ್ಣ, ಹೊಸ ವಿನ್ಯಾಸ, ಹೊರದೇಶದ ಅಳತೆ, ಗುಣಮಟ್ಟದ ಪರೀಕ್ಷೆ. ಚಪ್ಪಲಿ ಸಮುದ್ರ ದಾಟಿತು. ಜೆರೆಫಿಯ ಪಠ್ಯಕ್ಕೆ ಸೇರಿಸಬಹುದಾದ ಉದಾಹರಣೆ ಇದು. ಹೆಂಗಸರ ಹೆಸರಿನಲ್ಲಿ ಲೆಕ್ಕದ ಪುಸ್ತಕ ಬಂದದ್ದು ಸಣ್ಣ ಸಂಗತಿಯಲ್ಲ, ಮತ್ತು ಇಂಥದ್ದನ್ನು ನೋಡಲು ಕಣ್ಣು ಕೊಟ್ಟದ್ದಕ್ಕಾಗಿ ಜೆರೆಫಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಹೆಸರು ಮಾತ್ರ ಅದೇ ಉಳಿಯಿತು.

ಆಮೇಲೆ 2025ರ ಜೂನ್. ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾದ ಗಂಡಸರ ಉಡುಪಿನ ಜೊತೆ ಈ ಚಪ್ಪಲಿ ಕಾಣಿಸಿಕೊಂಡಿತು, ಬರೀ 'ಚರ್ಮದ ಸ್ಯಾಂಡಲ್' ಎಂಬ ಹೆಸರಿನಲ್ಲಿ. ಗದ್ದಲವಾಯಿತು. ಕೊಲ್ಹಾಪುರದ ಪರ ಮಹಾರಾಷ್ಟ್ರದ ದನಿ ಎದ್ದಾಗ, ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಹೆಸರು ಹೇಳಿ ನಮ್ಮವರನ್ನು ಮರೆಯಬೇಡಿ ಎಂದರು. ಕಂಪನಿ ಭಾರತದ ಕರಕುಶಲದಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಜೊತೆ ಒಪ್ಪಂದವಾಯಿತು: ಎರಡೂ ರಾಜ್ಯಗಳಲ್ಲಿ 2,000 ಜೊತೆ ತಯಾರಿಸುವುದು, ಒಂದು ಜೊತೆಗೆ ಸುಮಾರು 800 ಯೂರೋ, ಜಗತ್ತಿನ 40 ಅಂಗಡಿಗಳಲ್ಲಿ ಮಾರಾಟ. ನಮ್ಮ ರೂಪಾಯಿಯಲ್ಲಿ ಒಂದು ಜೊತೆ 80 ಸಾವಿರ ದಾಟುತ್ತದೆ. ಅಥಣಿಯ ಪೇಟೆಯಲ್ಲಿ ಇನ್ನೂ ನೂರರ ಲೆಕ್ಕದಲ್ಲೇ ಮಾರುವ ಮಾಲು.

ಮೇಲೇರಿಕೆಯ ಸಿದ್ಧಾಂತ ಈ ಒಪ್ಪಂದವನ್ನು ಗೆಲುವು ಎಂದು ಬರೆದುಕೊಳ್ಳುತ್ತದೆ. ಜಗತ್ತಿನ ಅತಿ ದುಬಾರಿ ಬ್ರ್ಯಾಂಡಿಗೆ ನೇರವಾಗಿ ಮಾಲು ಕೊಡುವುದು, ಹೊಸ ತಂತ್ರ ಕಲಿಯುವುದು, ಹೆಸರು ಒಪ್ಪಿಸಿಕೊಳ್ಳುವುದು ಎಲ್ಲ ಇದೆ. ಆದರೆ ಜೆರೆಫಿಯದೇ 1983ರ ಪುಸ್ತಕ ಕೈಯಲ್ಲಿ ಹಿಡಿದು ನೋಡಿದರೆ ಕಾಣುವುದು ಬೇರೆ. ವಿನ್ಯಾಸವನ್ನು ಕೊನೆಗೆ ಒಪ್ಪುವವರು ಯಾರು, ಮುಂದಿನ ವರ್ಷ ಎಷ್ಟು ಜೊತೆ ಬೇಕು ಎಂದು ಹೇಳುವವರು ಯಾರು, ಬೇಡ ಎಂದು ಎದ್ದುಹೋಗಬಲ್ಲವರು ಯಾರು? ಮೆಕ್ಸಿಕೋದ ಗೆಣಸಿಗೆ ಬೆಲೆ ಕೇಳಿದಾಗ ಕಂಪನಿಗಳು ಬೇರೆ ಬೇರಿಗೆ, ಬೇರೆ ಬೀಜಕ್ಕೆ ಹೋದವು. ಫ್ಯಾಷನ್ನಿಗೆ ಹೋಗಲು ಅಷ್ಟು ಕಷ್ಟವೂ ಇಲ್ಲ. ಹಂಗಾಮು ಬದಲಾದರೆ ಸಾಕು. ತಮ್ಮ ಮೊದಲ ಪುಸ್ತಕದ ಈ ಪಾಠವನ್ನು ಜೆರೆಫಿ ತಮ್ಮ ಕೊನೆಯ ದಶಕಗಳ ಬರಹದಲ್ಲಿ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ನಮಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ, ಮತ್ತು ಅದು ಮೊದಲ ಪುಸ್ತಕದಲ್ಲೂ ಇರುವಂಥದ್ದು. ಸರಪಳಿಯನ್ನು ಅಳೆಯಲು ಜೆರೆಫಿ ನಾಲ್ಕು ಮಗ್ಗುಲು ಹೇಳುತ್ತಾರೆ: ಯಾವುದರಿಂದ ಏನಾಗುತ್ತದೆ, ಯಾವ ಊರುಗಳಲ್ಲಿ ಹರಡಿದೆ, ಹಿಡಿತ ಯಾರದು, ಸುತ್ತಲಿನ ಕಾನೂನು-ಸಂಸ್ಥೆಗಳ ಸಂದರ್ಭ ಏನು. ಜಾತಿಯನ್ನು ಎಲ್ಲಿ ಇಡಬೇಕು? ನಾಲ್ಕನೆಯ ಮಗ್ಗುಲಿನಲ್ಲಿ, ಸಂದರ್ಭದಲ್ಲಿ, ಎಂದು ಅವರ ಶಿಷ್ಯರು ಹೇಳಬಹುದು. ಅಥಣಿಯಲ್ಲಿ ಅದು ಸಂದರ್ಭವಲ್ಲ. ಚಪ್ಪಲಿಯ ಸರಪಳಿಯಲ್ಲಿ ಯಾವ ಕೊಂಡಿ ಯಾರ ಕೈಗೆ ಎನ್ನುವುದನ್ನು ತೀರ್ಮಾನಿಸಿದ್ದೇ ಅದು. ಸತ್ತ ದನ ಎಳೆಯುವವರು ಯಾರು, ತೊಗಲು ಹದ ಮಾಡುವವರು ಯಾರು, ಹೊಲಿಯುವವರು ಯಾರು, ಮಾರುವವರು ಯಾರು ಎಂಬ ಹಂಚಿಕೆ ಮಾರುಕಟ್ಟೆಯಿಂದ ಆದದ್ದಲ್ಲ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಕಸುಬೇ ಹೆಸರಿನ ಮುಂದೆ ನಿಂತ ಕಾಲದಿಂದ ಬಂದದ್ದು. ಹೊಲಿಯುವವನು ಮೇಲೇರಿ ಅಂಗಡಿ ಇಟ್ಟರೂ ಅವನ ಅಂಗಡಿ ಪೇಟೆಯ ಯಾವ ಓಣಿಯಲ್ಲಿ ಎನ್ನುವುದು ಜೆರೆಫಿಯ ಯಾವ ಕೋಷ್ಟಕದಲ್ಲೂ ಬರದ ಪ್ರಶ್ನೆ.

ಮೊದಲ ಕೊಂಡಿಯೇ ಈಗ ಸಡಿಲವಾಗಿದೆ. ಮಹಾರಾಷ್ಟ್ರದಲ್ಲಿ 2015ರಲ್ಲಿ, ಕರ್ನಾಟಕದಲ್ಲಿ 2020ರ ಕಾಯ್ದೆಯಿಂದ, ಗೋಹತ್ಯೆಯ ನಿಷೇಧ ಬಿಗಿಯಾಯಿತು. ತೊಗಲು ಸಾಗಿಸುವುದೇ ಹೆದರಿಕೆಯ ಕೆಲಸವಾದ ಮೇಲೆ ಎಮ್ಮೆಯ ತೊಗಲಿಗೂ ಅದೇ ಅನುಮಾನ. ಇದನ್ನು ಕಾನೂನಿನ ಸಂದರ್ಭ ಎಂದು ಒಂದು ಸಾಲಿನಲ್ಲಿ ಮುಗಿಸಿದರೆ, ತೊಗಲಿನ ಗಾಡಿ ಓಡಿಸುವವನ ಎದೆಬಡಿತ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಸ್ಟೆಫನಿ ಬ್ಯಾರಿಯೆಂಟೊಸ್, ಅರಿಯಾನಾ ರೊಸ್ಸಿ ಜೊತೆ 2011ರಲ್ಲಿ ಬರೆದ ಲೇಖನದಲ್ಲಿ ಜೆರೆಫಿ ಇದರ ಹತ್ತಿರ ಬಂದರು. ಕಂಪನಿ ಮೇಲೇರಿದರೆ ಕೆಲಸಗಾರರೂ ಮೇಲೇರುತ್ತಾರೆಂದು ನಂಬಬಾರದು, ಆರ್ಥಿಕ ಮೇಲೇರಿಕೆ ಬೇರೆ, ಸಾಮಾಜಿಕ ಮೇಲೇರಿಕೆ ಬೇರೆ ಎಂದು ಅಲ್ಲಿ ಒಪ್ಪುತ್ತಾರೆ. ಸಾಮಾಜಿಕ ಎಂದಾಗ ಅವರ ಮನಸ್ಸಿನಲ್ಲಿರುವುದು ಕೂಲಿ, ಭದ್ರತೆ, ಸಂಘ ಕಟ್ಟುವ ಹಕ್ಕು. ಬೇಕಾದ್ದೇ. ಆದರೆ ಕನ್ನಡದವರಿಗೆ ಸಾಮಾಜಿಕ ಮೇಲೇರಿಕೆ ಎಂದೊಡನೆ ನೆನಪಾಗುವ ಚಪ್ಪಲಿಯ ಕಥೆ ಒಂದಿದೆ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದರು ಎನ್ನುವುದನ್ನು ಎಲ್ಲರೂ ಭಕ್ತಿಯ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಋಣದ ಕಥೆಯಾಗಿಯೂ ಕಾಣುತ್ತದೆ. ಶರಣು ಎಂದದ್ದಕ್ಕೆ ಬಸವಣ್ಣ ಎರಡು ಸಲ ಶರಣೆಂದ; ಆ ಹೆಚ್ಚಿನ ಒಂದು ಶರಣಿನ ಭಾರ ಇಳಿಸಲು ಮೈಯ ಚರ್ಮವೇ ಬೇಕಾಯಿತು. ಮೇಲಿನವರ ಒಂದು ಮಾತಿನ ಮರ್ಯಾದೆಗೂ ಕೆಳಗಿನವರು ಎಷ್ಟು ತೆರಬೇಕೆಂದು ಭಾವಿಸುತ್ತಿದ್ದರು ಎನ್ನುವುದರ ಅಳತೆ ಅದು. ಕಥೆಯ ಕೊನೆ ಇನ್ನೂ ಕಠಿಣ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ, ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ. ಚಪ್ಪಲಿ ಎಷ್ಟೇ ಚಂದ ಹೊಲಿದರೂ ಯಾರೂ ತಡೆಯಲಿಲ್ಲ. ಸಂಬಂಧ ಬೆಳೆಸಿದಾಗ ಆನೆ ಬಂತು. ಯಾವ ಕೊಂಡಿಯಿಂದ ಯಾವ ಕೊಂಡಿಗೆ ಹೋಗಬಹುದು, ಎಲ್ಲಿಗೆ ಹೋಗುವಂತಿಲ್ಲ ಎಂಬ ಗಡಿಯನ್ನು ಈ ಕಥೆ ತೋರಿಸುವಷ್ಟು ಸ್ಪಷ್ಟವಾಗಿ ಆರ್ಥಿಕ ಸಮಾಜಶಾಸ್ತ್ರ ತೋರಿಸಿದ್ದನ್ನು ನಾನು ಓದಿಲ್ಲ.

ಹಾಗೆಂದು ಸರಪಳಿ ಎಂಬ ರೂಪಕವನ್ನೇ ಬಿಸಾಡಬೇಕೆಂದಿಲ್ಲ. ಅದರ ಮೊದಲ ರೂಪಕ್ಕೆ ಹಿಂದಿರುಗಿದರೂ ಸಾಕು. ಹಾಪ್ಕಿನ್ಸ್ ಮತ್ತು ವಾಲರ್‌ಸ್ಟೈನ್ 1977ರಲ್ಲಿ ಹೇಳಿದ ಕ್ರಮ ಹೀಗಿತ್ತು: ಕೊನೆಗೆ ಬಳಕೆಯಾಗುವ ವಸ್ತುವನ್ನು ಎತ್ತಿಕೊಳ್ಳಿ, ಅದರೊಳಗೆ ಹೋದದ್ದನ್ನೆಲ್ಲ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಾ ಹೋಗಿ. ಕಚ್ಚಾವಸ್ತು, ಸಾಗಣೆ, ದುಡಿಮೆ; ದುಡಿದವರ ಹೊಟ್ಟೆಗೆ ಹೋದ ಅನ್ನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಕೊನೆಯ ಮಾತು ನೋಡಿ. ಅಥಣಿಯಲ್ಲಿ ಪಟ್ಟಿ ಹೆಣೆಯುವ ಹೆಂಗಸು ನಸುಕಿನಲ್ಲಿ ಎದ್ದು ಬಡಿದ ಜೋಳದ ರೊಟ್ಟಿಯೂ ಮಿಲಾನಿನ ಚಪ್ಪಲಿಯ ಸರಪಳಿಗೆ ಸೇರುತ್ತದೆ ಎಂದು ಅರ್ಥ. ಸರಪಳಿ ಕಂಪನಿಗಳ ಅಧ್ಯಯನವಾಗಿ ಬೆಳೆಯುತ್ತಾ ಹೋದಂತೆ ಉದುರಿಹೋದದ್ದು ಆ ರೊಟ್ಟಿ. ಜೆರೆಫಿ 2018ರಲ್ಲಿ ಕೇಂಬ್ರಿಜ್ ಪ್ರಕಾಶನದಿಂದ ತಂದ, ತಮ್ಮ ಅಷ್ಟೂ ವರ್ಷದ ಮುಖ್ಯ ಲೇಖನಗಳನ್ನು ಒಟ್ಟುಮಾಡಿದ ಪುಸ್ತಕದಲ್ಲಿ ದೇಶಗಳಿವೆ, ಉದ್ಯಮಗಳಿವೆ, ನೀತಿಗಳಿವೆ. ಅಡುಗೆಮನೆ ಇಲ್ಲ.

ಅವರು ಬಿಟ್ಟದ್ದನ್ನು ಮೆಕ್ಸಿಕೋದಲ್ಲಿ ಬೇರೊಬ್ಬರು ಎತ್ತಿಕೊಂಡರು. ಗ್ಯಾಬ್ರಿಯೆಲಾ ಸೋಟೊ ಲವೆಯಾಗ 2009ರಲ್ಲಿ ಅದೇ ಬಾರ್ಬಾಸ್ಕೊ ಗೆಣಸಿನ ಮೇಲೆ ಪುಸ್ತಕ ಬರೆದಾಗ, ಕಂಪನಿಯ ಕಡತಗಳಿಂದಾಚೆಗೆ, ಕಾಡಿನಲ್ಲಿ ಗೆಣಸು ಅಗೆದ ರೈತರ ಬಳಿ ಹೋದರು. ಯಾವುದಕ್ಕೆ ಬಳಸುತ್ತಾರೆಂದು ಗೊತ್ತಿಲ್ಲದೆ ಅಗೆಯುತ್ತಿದ್ದವರು ಕ್ರಮೇಣ ರಸಾಯನಶಾಸ್ತ್ರದ ಮಾತುಗಳನ್ನು ಕಲಿತು, ಅದರಿಂದ ತಮ್ಮ ಊರುಗಳಲ್ಲಿ ಹೊಸ ನಿಲುವು ಪಡೆದ ಕಥೆ ಅಲ್ಲಿದೆ. ಸರ್ಕಾರದ ಪ್ರೊಕ್ವಿವೆಮೆಕ್ಸ್ ಸೋತಿತು ಎಂದು ಜೆರೆಫಿಯ ಲೆಕ್ಕ ಮುಗಿಯುವ ಕಡೆ ಈ ಪುಸ್ತಕ ಶುರುವಾಗುತ್ತದೆ. ಎರಡನ್ನೂ ಜೊತೆಗಿಟ್ಟು ಓದಬೇಕೆಂದು ವಿದ್ಯಾರ್ಥಿಗಳಿಗೆ ನಾನು ಹೇಳುವೆ. ಮೊದಲನೆಯದು ಇಲ್ಲದೆ ಎರಡನೆಯದು ಬರೀ ನೆನಪುಗಳ ಸಂಗ್ರಹವಾಗಬಹುದಿತ್ತು. ಎರಡನೆಯದು ಇಲ್ಲದೆ ಮೊದಲನೆಯದು ಬರೀ ಲೆಕ್ಕ.

ಅಥಣಿಯ ಚಪ್ಪಲಿಗೆ ಈಗ ಇಬ್ಬರೂ ಬೇಕು. ಒಪ್ಪಂದದ ಕರಾರುಗಳನ್ನು ಒಂದೊಂದಾಗಿ ತೂಗಿ, 800 ಯೂರೋದಲ್ಲಿ ಎಷ್ಟು ಮದಭಾವಿಗೆ, ಎಷ್ಟು ಮಿಲಾನಿಗೆ ಎಂದು ಲೆಕ್ಕ ಹಾಕುವ 1983ರ ಜೆರೆಫಿಯಂಥವರು ಒಬ್ಬರು. ತೊಗಲು ನೇತುಹಾಕಿದ ಮನೆಯ ಹಿತ್ತಲಲ್ಲಿ ಕೂತು, ಹಿರಿಯರ ಮಾತು ಕೇಳಿ, ಅವರ ಮೊಮ್ಮಕ್ಕಳು ಈ ಕಸುಬು ಬೇಡವೆಂದು ಉಗಾರದ ಕಾರ್ಖಾನೆಗೋ ಪುಣೆಗೋ ಏಕೆ ಹೋಗುತ್ತಾರೆಂದು ಬರೆದುಕೊಳ್ಳುವವರು ಇನ್ನೊಬ್ಬರು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೋ ಧಾರವಾಡದಲ್ಲೋ ಸಮಾಜಶಾಸ್ತ್ರ ಓದುತ್ತಿರುವ, ಇದೇ ಊರುಗಳ, ಆದರೆ ಆ ಓಣಿಯಿಂದಲೇ ಬಂದ ಹುಡುಗಿಯೊಬ್ಬಳು ಎರಡನ್ನೂ ತಾನೇ ಮಾಡಿದರೆ ಇನ್ನೂ ಒಳ್ಳೆಯದು. ಅವಳ ಪುಸ್ತಕದಲ್ಲಿ ಪ್ರಾಡಾ ಏಳನೆಯ ಅಧ್ಯಾಯದಲ್ಲಿ ಬಂದರೂ ನನಗೆ ಅವಸರವಿಲ್ಲ. ಮೊದಲ ಅಧ್ಯಾಯ ಮಾತ್ರ ಜಾಲಿಯ ತೊಗಟೆ ಎಲ್ಲಿಂದ ತಂದರು, ಎಷ್ಟಕ್ಕೆ ತಂದರು, ಅದನ್ನು ಜಜ್ಜಿದವರು ಯಾರು ಎಂಬಲ್ಲಿಂದ ಶುರುವಾಗಲಿ.